ಮನೆ ಮನೆಗೆ ಹೋಗುವ ಸೇವೆ: ನಾನು ಮಾಡಿದ್ದು ಹೀಗೆ

ಸೇವೆ ಅಂದ ಕೂಡಲೇ ಜನರಿಗೆ ವೇದಿಕೆ, ಮೈಕು, ಕರಪತ್ರ ನೆನಪಾಗುತ್ತವೆ. ನನ್ನ ಸೇವೆಯಲ್ಲಿ ಇವು ಮೂರೂ ಇರಲಿಲ್ಲ. ನಮ್ಮ ಸಭೆಯ, ಅಂದರೆ ಚರ್ಚಿನ, ಸ್ತ್ರೀ ಸಂಘದ ಕಡೆಯಿಂದ ಕಾಯಿಲೆಯವರ ಮನೆಗೆ, ವಿಧವೆಯರ ಮನೆಗೆ, ಒಂಟಿಯಾಗಿರುವ ವಯಸ್ಸಾದವರ ಮನೆಗೆ ಹೋಗಿ ಬರುವುದೇ ನನ್ನ ಕೆಲಸ. ಮದುವೆಗೆ ಮುಂಚೆ ಶುರುವಾಗಿದ್ದು, ಮೊಮ್ಮಕ್ಕಳು ಬಂದ ಮೇಲೂ ನಿಂತಿಲ್ಲ. ಹೊಸದಾಗಿ ಬರುವ ಹುಡುಗಿಯರು ಮೊದಲು ಕೇಳುವುದು, "ಅಲ್ಲಿ ಹೋಗಿ ಏನು ಮಾತಾಡಬೇಕು ಆಂಟಿ?" ಅಂತ. ಮಾತು ಆಮೇಲೆ. ಅದಕ್ಕೆ ಮುಂಚೆ ತಿಳಿದಿರಬೇಕಾದದ್ದು ಜಾಸ್ತಿ ಇದೆ.

ಒಬ್ಬರೇ ಹೋಗಬೇಡಿ. ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದ್ದು ಬೈಬಲ್ಲಿನ ಮಾರ್ಕನ ಸುವಾರ್ತೆ 6ನೇ ಅಧ್ಯಾಯದಲ್ಲಿದೆ, ಅದು ಸುಮ್ನೆ ಇಟ್ಟ ನಿಯಮ ಅಲ್ಲ. ಒಬ್ಬರು ಮಲಗಿದವರ ಹತ್ತಿರ ಕೂರುತ್ತೇವೆ, ಇನ್ನೊಬ್ಬರು ಅವರನ್ನು ನೋಡಿಕೊಳ್ಳುವ ಸೊಸೆಯ ಅಥವಾ ಮಗಳ ಜೊತೆ ಒಳಗೆ ಹೋಗುತ್ತೇವೆ. ಬಂದವರೆಲ್ಲ ರೋಗಿಯನ್ನು ಹೇಗಿದ್ದೀರಿ ಅಂತ ಕೇಳುತ್ತಾರೆ, ರಾತ್ರಿಯೆಲ್ಲ ಎದ್ದು ಕೂತವಳನ್ನು ನಿದ್ದೆ ಆಯ್ತಾ ಅಂತ ಯಾರೂ ಕೇಳಿರುವುದಿಲ್ಲ. ಆ ಒಂದು ಪ್ರಶ್ನೆಗೇ ಎಷ್ಟೋ ಜನ ಅತ್ತುಬಿಟ್ಟಿದ್ದಾರೆ.

ಹಾಸಿಗೆ ಹಿಡಿದವರ ಮನೆಯಲ್ಲಿ ನಾನು ಮೊದಲು ನೋಡುವುದು ಹಿಮ್ಮಡಿ, ಸೊಂಟ, ಬೆನ್ನಿನ ತುದಿ ಮೂಳೆಯ ಜಾಗ. ಮನೆಯವರ ಅನುಮತಿ ಕೇಳಿ, ಬಾಗಿಲು ಮುಚ್ಚಿ ನೋಡುತ್ತೇನೆ. ಚರ್ಮ ಕೆಂಪಗಾಗಿದ್ದು, ಬೆರಳಿನಿಂದ ಒತ್ತಿದಾಗಲೂ ಬಣ್ಣ ತಿಳಿಯಾಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಇರಬಹುದು, ಆಗ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಎಳೆಯಬಾರದು, ಎತ್ತಿ ತಿರುಗಿಸಬೇಕು, ಎಳೆದರೆ ಚರ್ಮ ಕಿತ್ತುಬರುತ್ತೆ. ಮೀನಖಂಡದ ಕೆಳಗೆ ದಿಂಬು ಇಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗುವುದಿಲ್ಲ. ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ ಅಂತ ಹೇಳಿದರೆ ಎಲ್ಲರಿಗೂ ಆಶ್ಚರ್ಯ, ಪ್ರೀತಿಯಿಂದ ತಿಕ್ಕುತ್ತಲೇ ಇರುತ್ತಾರೆ ಪಾಪ. ಚರ್ಮ ಒಡೆದಿದ್ದರೆ ಡಾಕ್ಟರನ್ನೋ ನರ್ಸನ್ನೋ ಕರೆಸಬೇಕು, ಅದು ನಮ್ಮ ಕೈಯಲ್ಲಿ ಮಾಡುವ ಕೆಲಸ ಅಲ್ಲ. ಇಷ್ಟು ಕಲಿಯದೆ ಬರೀ ಕೀರ್ತನೆ ಹಾಡಿ ಎದ್ದು ಬರುವುದು ನನಗೆ ಸರಿ ಕಾಣುವುದಿಲ್ಲ.

ಕ್ಷಯದವರ ಮನೆಗೆ ಹೋಗುವುದು ಇನ್ನೊಂದು ಥರ. ಸಾಮಾನ್ಯ ಕ್ಷಯಕ್ಕೆ ಹೆಚ್ಚಾಗಿ 6 ತಿಂಗಳು ಮಾತ್ರೆ. ಕೆಲವು ವಾರಗಳಲ್ಲೇ ಕೆಮ್ಮು ಕಡಿಮೆಯಾಗಿ ಹಸಿವು ವಾಪಸ್ ಬರುತ್ತೆ, ಅಲ್ಲೇ ಜನ ಮಾತ್ರೆ ಬಿಡುವುದು. ಹಾಗೆ ಬಿಟ್ಟರೆ ಕಾಯಿಲೆ ಮರಳಿ ಬರಬಹುದು, ಆ ಮಾತ್ರೆಗೇ ಬಗ್ಗದ ಹಾಗೆ ಆಗಲೂಬಹುದು. ಹಾಗಾಗಿ ಅವರು ಮಲಗಿದ್ದಾಗ ಹೋದದ್ದಕ್ಕಿಂತ, ಎದ್ದು ಓಡಾಡಲು ಶುರು ಮಾಡಿದ ಮೇಲೆ ಹೋಗುವುದು ಮುಖ್ಯ. "ಈಗ ಚೆನ್ನಾಗಿದ್ದೀನಲ್ಲ, ಮತ್ಯಾಕೆ ಬಂದ್ರಿ?" ಅಂತ ಕೇಳುತ್ತಾರೆ. ಮಾತ್ರೆ ಚೀಟಿ ತೋರಿಸಿ ಅಂತೇನೆ. ನಗುತ್ತಾರೆ, ತೋರಿಸುತ್ತಾರೆ.

ಸರಿ, ಸುವಾರ್ತೆ ಎಲ್ಲಿ ಅಂತ ನೀವು ಕೇಳಬಹುದು, ನಮ್ಮ ಸಭೆಯಲ್ಲೂ ಕೆಲವರು ಕೇಳಿದ್ದಾರೆ, ಸ್ವಲ್ಪ ಗಟ್ಟಿಯಾಗಿಯೇ. ನಾನು ಕೊಡುವ ಅಕ್ಕಿಗೂ ಯಾರಾದರೂ ಸಭೆಗೆ ಬರುವುದಕ್ಕೂ ಗಂಟು ಹಾಕುವುದಿಲ್ಲ. ಬಟ್ಟೆ ಇಲ್ಲದ, ಆ ದಿನದ ಊಟಕ್ಕೂ ಗತಿಯಿಲ್ಲದ ಮನುಷ್ಯನಿಗೆ ಬರೀ ಒಳ್ಳೆ ಮಾತು ಹೇಳಿ ಕಳಿಸಿದರೆ ಏನು ಪ್ರಯೋಜನ ಅಂತ ಯಾಕೋಬ ತನ್ನ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಕೇಳುತ್ತಾನೆ. ಅಪೊಸ್ತಲರ ಕೃತ್ಯಗಳು 9ರಲ್ಲಿ ಯೊಪ್ಪ ಊರಿನ ದೊರ್ಕ ಅನ್ನುವ ಶಿಷ್ಯೆ ಸತ್ತಾಗ ವಿಧವೆಯರು ಪೇತ್ರನಿಗೆ ಅಳುತ್ತಾ ತೋರಿಸಿದ್ದು ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು. ಅವಳು ಮಾಡಿದ ಒಂದು ಪ್ರಸಂಗವೂ ಅಲ್ಲಿ ಬರೆದಿಲ್ಲ! ಯಾರಾದರೂ ತಾವಾಗಿ, ನೀವು ಯಾಕೆ ಹೀಗೆ ಬರ್ತೀರಿ ಅಂತ ಕೇಳಿದರೆ ನನ್ನ ನಂಬಿಕೆಯನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಪ್ರಾರ್ಥನೆ ಮಾಡಲಾ ಅಂತ ರೋಗಿಯನ್ನೇ ಕೇಳುತ್ತೇನೆ, ಬೇಡ ಅಂದರೆ ಮನೆಗೆ ಬಂದು ಮಾಡುತ್ತೇನೆ, ದೇವರಿಗೆ ಎರಡೂ ಕಡೆಯಿಂದ ಕೇಳಿಸುತ್ತೆ ಅಲ್ವಾ.

ಏನು ಬೇಕು ಅನ್ನುವುದನ್ನೂ ಅವರೇ ಹೇಳಬೇಕು. ಎಲಿಜಬೆತ್ ಫ್ರೈ ಅನ್ನುವ ಕ್ವೇಕರ್ (ಒಂದು ಕ್ರೈಸ್ತ ಪಂಗಡ) ಹೆಂಗಸು 1813ರಲ್ಲಿ ಲಂಡನ್ನಿನ ನ್ಯೂಗೇಟ್ ಜೈಲಿಗೆ ಹೋಗಿ ಅಲ್ಲಿನ ಹೆಂಗಸರು, ಮಕ್ಕಳ ಸ್ಥಿತಿ ನೋಡಿದಳು. 1817ರಲ್ಲಿ ಜೊತೆಗಾರ್ತಿಯರನ್ನು ಕಟ್ಟಿಕೊಂಡು ಅಲ್ಲಿ ಶಾಲೆ, ಹೊಲಿಗೆ ಕೆಲಸ ನಡೆಸಿದಾಗ, ನಿಯಮಗಳನ್ನು ಒಂದೊಂದಾಗಿ ಓದಿ ಕೈದಿ ಹೆಂಗಸರ ಒಪ್ಪಿಗೆ ಕೇಳಿದಳು. ಜೈಲಿನಲ್ಲೇ ಅದು ಆಗುತ್ತಿತ್ತು ಅಂದರೆ ಒಂದು ಮನೆಯ ಯಜಮಾನಿಯನ್ನು ಕೇಳದೆ ಹೊದಿಕೆ ಕೊಟ್ಟು ಫೋಟೋ ತೆಗೆಯುವುದಕ್ಕೆ ನಾವು ಯಾರು? ಫೋಟೋ ನಾನು ತೆಗೆಯುವುದೇ ಇಲ್ಲ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಾಣಿಕೆ ಎಣಿಸುವಾಗ ಇಬ್ಬರು ಇರಬೇಕು, ಪುಸ್ತಕದಲ್ಲಿ ಇಬ್ಬರ ಸಹಿ ಬೀಳಬೇಕು, ಅದರಲ್ಲಿ ಒಬ್ಬರು ನನಗೆ ನೆಂಟರಾಗಿರಬಾರದು. ಬಡವರಿಗೆ ಕೂಡಿಸಿದ ಹಣದ ಬಗ್ಗೆ ಯಾರೂ ತಪ್ಪು ಹೊರಿಸದಿರಲಿ ಅಂತ ಪೌಲನೇ ಜೊತೆಗೆ ಬೇರೆಯವರನ್ನು ಸೇರಿಸಿಕೊಂಡಿದ್ದ, 2 ಕೊರಿಂಥ 8ರಲ್ಲಿ ಓದಿ ನೋಡಿ. ನಮ್ಮ ಪುಸ್ತಕ ಸಭೆಯ ಮೇಜಿನ ಮೇಲೇ ಇರುತ್ತೆ, ಯಾರು ಬೇಕಾದರೂ ತೆರೆದು ನೋಡಬಹುದು. ಯಾರಿಗೆ ಕೊಟ್ಟೆವು ಅನ್ನುವ ಹೆಸರುಗಳು ಮಾತ್ರ ಅದರಲ್ಲಿಲ್ಲ, ಅವು ಬೇರೆ ನೋಟ್‌ಬುಕ್‌ನಲ್ಲಿವೆ. ಅದನ್ನು ಮನೆಗಳಿಗೆ ಹೋಗುವ ನಾವಿಬ್ಬರು ಬಿಟ್ಟರೆ ಪಾಸ್ಟರ್ ಕೂಡ ತೆರೆಯುವುದಿಲ್ಲ.