ನೀರಿಲ್ಲದ ರಂಗದಲ್ಲಿ ‘ಖುಕ್ರಿ’

1955ರ ನವೆಂಬರಿನಲ್ಲಿ ಅಮೆರಿಕದ ಸಿಬಿಎಸ್ ವಾಹಿನಿ ‘ದಿ ಕೇನ್ ಮ್ಯೂಟಿನಿ ಕೋರ್ಟ್ ಮಾರ್ಷಲ್’ ನಾಟಕವನ್ನು ನೇರಪ್ರಸಾರ ಮಾಡಿತು. ಎರಡನೇ ಮಹಾಯುದ್ಧ, ಪೆಸಿಫಿಕ್ ಸಾಗರದ ಚಂಡಮಾರುತ, ಬಿರುಗಾಳಿಯ ನಡುವೆಯೇ ಕಪ್ತಾನನ ಕೈಯಿಂದ ಅಧಿಕಾರ ಕಿತ್ತುಕೊಂಡ ಕಿರಿಯ ಅಧಿಕಾರಿ. ಕಥೆ ಇಷ್ಟು ದೊಡ್ಡದು, ಆದರೆ ತೆರೆಯ ಮೇಲೆ ಒಂದು ಹನಿ ನೀರಿಲ್ಲ. ಇರುವುದು ಸೈನಿಕ ವಿಚಾರಣೆಯ ಕೋಣೆ, ಕುರ್ಚಿ, ಅದರಲ್ಲಿ ಕೂತು ಸಾಕ್ಷಿ ಹೇಳುವವರು. ಕಪ್ತಾನ ಕ್ವೀಗ್‌ನ ಪಾತ್ರದಲ್ಲಿ ಲಾಯ್ಡ್ ನೋಲನ್ ಉಕ್ಕಿನ ಗುಂಡುಗಳನ್ನು ಕೈಯಲ್ಲಿ ಉರುಳಿಸುತ್ತ, ಮಾತಾಡುತ್ತಾಡುತ್ತಲೇ ಕುಸಿಯುತ್ತಾರೆ. ಆ ಪಾತ್ರಕ್ಕೆ ಅವರಿಗೆ ಅಮೆರಿಕದ ಟಿವಿ ರಂಗದ ಎಮ್ಮಿ ಪ್ರಶಸ್ತಿ ಬಂತು.

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಬೆಳೆದ ನನಗೆ ಈ ವಿದ್ಯೆ ಪರಿಚಿತವೇ. ನಮ್ಮ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಾತ್ರದ ಮಾತಾಡುವ ಅರ್ಥಧಾರಿ ಕೂತಲ್ಲೇ ಕುರುಕ್ಷೇತ್ರ ಎಬ್ಬಿಸುತ್ತಾನೆ. ಊರಿನ ಗ್ರಂಥಾಲಯದ ವಾರ್ಷಿಕೋತ್ಸವಕ್ಕೆ ನಮ್ಮ ನೌಕಾಪಡೆಯ ಮುಳುಗಿದ ಹಡಗು ಐಎನ್ಎಸ್ ಖುಕ್ರಿಯ ನಾಟಕ ಆಡಿಸೋಣ ಎಂದು ಹೊರಟಾಗ ಸಮುದ್ರ ತೋರಿಸುವುದು ಹೇಗೆ ಎಂಬ ಚಿಂತೆ ನನ್ನನ್ನು ಕಾಡದೇ ಇದ್ದುದು ಇದರಿಂದಲೇ. ಕಾಡಿದ್ದು ಬೇರೆ ಪ್ರಶ್ನೆ: ಯಾರ ಕಣ್ಣಿನಿಂದ ತೋರಿಸುವುದು?

ಘಟನೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. 1971ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ, ಡಿಸೆಂಬರ್ 9ರ ರಾತ್ರಿ ದೀವ್ ತೀರದಾಚೆ ‘ಖುಕ್ರಿ’ ಮತ್ತು ‘ಕಿರ್ಪಾನ್’ ಎಂಬ ನಮ್ಮ ಎರಡು ಫ್ರಿಗೇಟು ಯುದ್ಧನೌಕೆಗಳು ಪಾಕಿಸ್ತಾನದ ಜಲಾಂತರ್ಗಾಮಿ ‘ಹ್ಯಾಂಗೋರ್’ಗಾಗಿ ಹುಡುಕುತ್ತಿದ್ದವು. ಹ್ಯಾಂಗೋರ್ ಫ್ರಾನ್ಸಿನಲ್ಲಿ ಕಟ್ಟಿದ ಹೊಸ ನೌಕೆ, ನೀರೊಳಗಿನ ಸದ್ದು ಹಿಡಿಯುವ ಅದರ ಕಿವಿ ನಮ್ಮದಕ್ಕಿಂತ ಚುರುಕು. ಅದು ಮೊದಲು ಬಿಟ್ಟ ಟಾರ್ಪೆಡೊ, ಅಂದರೆ ನೀರೊಳಗೆ ಓಡುವ ಸಿಡಿಗುಂಡು, ಸಿಡಿಯಲಿಲ್ಲ. ಎರಡನೆಯದು ಖುಕ್ರಿಗೆ ಬಡಿಯಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಸತ್ತರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಡಲಿಲ್ಲ. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಎರಡನೇ ಮಹಾಯುದ್ಧದ ನಂತರ ಜಲಾಂತರ್ಗಾಮಿಯೊಂದು ಯುದ್ಧನೌಕೆಯನ್ನು ಮುಳುಗಿಸಿದ್ದು ಅದೇ ಮೊದಲು.

ಇಂಥ ಕಥೆ ನಮ್ಮ ದೂರದರ್ಶನದ ಹಳೆಯ ಧಾರಾವಾಹಿಗಳಲ್ಲಿ ನನಗೆ ಸಿಗಲಿಲ್ಲ. 1988ರಲ್ಲಿ ಚೇತನ್ ಆನಂದ್ ‘ಪರಮವೀರ ಚಕ್ರ’ ಮಾಡಿದರು. ಆದರೆ ಆ ಪದಕ ಪಡೆದವರಲ್ಲಿ ನೌಕಾಪಡೆಯವರು ಯಾರೂ ಇಲ್ಲ. ತೊಂಬತ್ತರ ದಶಕದಲ್ಲಿ ಬಂದ ‘ಆರೋಹಣ್’ ನೌಕಾಪಡೆಗೆ ಸೇರಿದ ಹುಡುಗಿಯರದ್ದು, ‘ಸೀ ಹಾಕ್ಸ್’ ಕರಾವಳಿ ಕಾವಲು ಪಡೆಯದ್ದು. ಎರಡೂ ಚೆನ್ನಾಗಿದ್ದವು, 1971 ಮಾತ್ರ ಅಲ್ಲಿ ಇರಲಿಲ್ಲ. ಹಾಗಾಗಿ ಹೊರಗಿನವರು ಮಾಡಿದ್ದನ್ನು ಹುಡುಕಿ ನೋಡತೊಡಗಿದೆ.

ನೋಡುತ್ತ ಹೋದಂತೆ ಒಂದು ಅಭ್ಯಾಸ ಕಣ್ಣಿಗೆ ಬಿತ್ತು. 1952–53ರ ‘ವಿಕ್ಟರಿ ಅಟ್ ಸೀ’ 26 ಕಂತುಗಳ ಸಾಕ್ಷ್ಯಚಿತ್ರ. ಯುದ್ಧಕಾಲದಲ್ಲಿ ಕ್ಯಾಮೆರಾದವರು ಹಡಗುಗಳ ಮೇಲೆ ನಿಂತು ತೆಗೆದ ನಿಜವಾದ ಚಿತ್ರಗಳು, ಮೇಲೊಂದು ಗಂಭೀರ ದನಿ, ರಿಚರ್ಡ್ ರಾಜರ್ಸ್ ಅವರ ಭರ್ಜರಿ ಸಂಗೀತ. ಅಲೆ, ತೋಪು, ಹೊಗೆ ಎಲ್ಲವೂ ಇದೆ, ನಾವಿಕನ ಮಾತು ಇಲ್ಲ. ಆಮೇಲಿನ ನಾಟಕಗಳು ಸಮುದ್ರವನ್ನು ಇಂಥ ಹಳೆಯ ಫಿಲ್ಮಿನಿಂದ ಎರವಲು ತಂದು, ಮನುಷ್ಯರನ್ನು ಸ್ಟುಡಿಯೊದ ಕೋಣೆಯಲ್ಲಿ ಕೂರಿಸಿದವು. 1957ರಲ್ಲಿ ಶುರುವಾದ ‘ದಿ ಸೈಲೆಂಟ್ ಸರ್ವಿಸ್’ ಅಮೆರಿಕದ ಜಲಾಂತರ್ಗಾಮಿಗಳ ನಿಜಕಥೆಗಳ ಸರಣಿ. ನಿವೃತ್ತ ರಿಯರ್ ಅಡ್ಮಿರಲ್ ಥಾಮಸ್ ಡೈಕರ್ಸ್ ಅದನ್ನು ನಡೆಸಿಕೊಟ್ಟರು. ಕಪ್ತಾನ ನೀರೊಳಗಿಂದ ಮೇಲೆ ನೋಡುವ ಪೆರಿಸ್ಕೋಪಿಗೆ ಕಣ್ಣಿಡುತ್ತಾನೆ, ದುಂಡು ಗಾಜಿನೊಳಗೆ ಒಂದು ಹಡಗು ಕಾಣುತ್ತದೆ, ಸ್ಟಾಪ್‌ವಾಚ್ ಓಡುತ್ತದೆ, ನೀರು ಎದ್ದು ನಿಲ್ಲುತ್ತದೆ, ಒಳಗಿದ್ದವರು ನಗುತ್ತಾರೆ. ಕೆಲಸದ ವಿವರಗಳಲ್ಲಿ ಆ ಸರಣಿ ಬಹಳ ನಿಷ್ಠೆಯದ್ದು, ನಾನು ಅದರಿಂದ ಕಲಿತದ್ದು ಹೆಚ್ಚು. ಆದರೆ ಆ ದುಂಡು ಗಾಜಿನೊಳಗಿನ ಹಡಗಿನಲ್ಲಿ ಆ ಹೊತ್ತಿಗೆ ಯಾರೋ ತಟ್ಟೆ ತೊಳೆಯುತ್ತಿದ್ದರು. ಖುಕ್ರಿಯಲ್ಲಿ ನಮ್ಮವರು ಇದ್ದದ್ದು ಆ ಕಡೆ.

ಅಲ್ಲಿಗೆ ನನ್ನ ನಾಟಕದ ಜಾಗ ನಿಶ್ಚಯವಾಯಿತು. ಪೆರಿಸ್ಕೋಪೂ ಬೇಡ, ಕಪ್ತಾನ ನಿಂತು ಹಡಗು ನಡೆಸುವ ಬ್ರಿಜ್ಜೂ ಬೇಡ. ಹಡಗಿನ ಕೆಳ ಅಂತಸ್ತಿನಲ್ಲಿ ನಾವಿಕರು ಉಂಡು ಮಲಗುವ ಮೆಸ್ಸು ಸಾಕು. ಅಲ್ಲಿಂದ ಸಮುದ್ರ ಕಾಣುವುದಿಲ್ಲ.

ಜರ್ಮನಿಯ ‘ದಾಸ್ ಬೂಟ್’ 1981ರಲ್ಲಿ ಸಿನಿಮಾ ಆಗಿ, ಕೆಲವು ವರ್ಷಗಳ ನಂತರ ಉದ್ದದ ಟಿವಿ ರೂಪದಲ್ಲಿ ಬಂತು. ಜಲಾಂತರ್ಗಾಮಿಯ ಒಳಭಾಗವನ್ನು ಅಲುಗಾಡುವ ಯಂತ್ರದ ಮೇಲೆ ಕಟ್ಟಿದ್ದರು. ಛಾಯಾಗ್ರಾಹಕ ಯೋಸ್ಟ್ ವಕಾನೊ ಕ್ಯಾಮೆರಾ ಕೈಯಲ್ಲೇ ಹಿಡಿದು ಇಕ್ಕಟ್ಟಿನ ಓಣಿಯಲ್ಲಿ ಓಡಿದರು. ನನಗೆ ಮುಖ್ಯವಾದದ್ದು ಅದರ ಟಿವಿ ರೂಪದಲ್ಲಿರುವ ಕಾಯುವಿಕೆ. ಗಂಟೆಗಟ್ಟಲೆ ಏನೂ ಆಗುವುದಿಲ್ಲ, ಗಡ್ಡ ಬೆಳೆಯುತ್ತದೆ, ಬ್ರೆಡ್ಡಿಗೆ ಬೂಸ್ಟು ಹಿಡಿಯುತ್ತದೆ. ನೌಕಾಯುದ್ಧ ಎಂದರೆ ಬಹುಪಾಲು ಇದೇ. ನನ್ನ ನಾಟಕದ ಅರ್ಧಕ್ಕಿಂತ ಹೆಚ್ಚು ಸಮಯವನ್ನು ಕಾಯುವುದಕ್ಕೇ ಕೊಟ್ಟೆ: ಊಟ, ಮನೆಯಿಂದ ಬಂದ ಕಾಗದ, ಒಂದು ರೇಡಿಯೊ, ಪಹರೆಯ ಬದಲಾವಣೆ. ಈ ದೃಶ್ಯಗಳೆಲ್ಲ ನನ್ನ ಕಲ್ಪನೆ ಎಂದು ಸೂತ್ರಧಾರನ ಬಾಯಲ್ಲಿ ಮೊದಲೇ ಹೇಳಿಸಿದೆ.

ಯಂತ್ರದ ವೇದಿಕೆ ನಮ್ಮಲ್ಲಿ ಎಲ್ಲಿಂದ ಬರಬೇಕು? ಜಂತಿಯಿಂದ ಅಲ್ಯೂಮಿನಿಯಂ ಲೋಟಗಳನ್ನೂ ಒಂದು ಲಾಟೀನನ್ನೂ ತೂಗುಹಾಕಿ, ಸೈಡಿನಿಂದ ಒಬ್ಬ ಹುಡುಗ ಒಂದೇ ದಾರದಲ್ಲಿ ಎಳೆದು ಬಿಡುವಂತೆ ಮಾಡಿದೆವು. ಲೋಟ ವಾಲಿದ ಕಡೆಗೆ ಎಲ್ಲ ನಟರೂ ಒಟ್ಟಿಗೆ ಭಾರ ಹಾಕಬೇಕು. ಹಳೆಯ ಟಿವಿಯವರು ಕ್ಯಾಮೆರಾವನ್ನೇ ಓರೆ ಮಾಡಿ ನಟರನ್ನು ಎದುರು ದಿಕ್ಕಿಗೆ ವಾಲಿಸುತ್ತಿದ್ದರು. ನಮಗೆ ಕ್ಯಾಮೆರಾ ಇಲ್ಲ, ಚೆಂಡೆಯವನಿದ್ದಾನೆ. ಅವನ ಮೆಲ್ಲನೆಯ ಪೆಟ್ಟಿಗೆ ಎಲ್ಲರೂ ಉಸಿರು ಹೊಂದಿಸಿಕೊಂಡ ಮೇಲೆ ನೆಲವೇ ಆಡಿದಂತೆ ಕಂಡಿತು.

ಸದ್ದಿನ ವಿಚಾರದಲ್ಲಿ ನಮ್ಮ ಗುರು ನೌಕಾಪಡೆಯಿಂದ ನಿವೃತ್ತರಾದ ಊರಿನ ಹಿರಿಯರೊಬ್ಬರು. ಹುಡುಗರು ಅವರನ್ನು ನೇವಿ ಮಾವ ಎನ್ನುತ್ತಾರೆ. ಟಿವಿ ನಾಟಕಗಳಲ್ಲಿ ಜಲಾಂತರ್ಗಾಮಿಯ ಒಳಗೆ ಯಾವಾಗಲೂ ‘ಪಿಂಗ್, ಪಿಂಗ್’ ಕೇಳುತ್ತಿರುತ್ತದಲ್ಲ, ಅದನ್ನು ಅವರು ಬಿಡಿಸಿ ಹೇಳಿದರು: ಆ ಸದ್ದು ಮಾಡುವುದು ಹುಡುಕುವ ಹಡಗು, ಅಡಗಿದವನು ಸುಮ್ಮನೆ ಕಿವಿಗೊಡುತ್ತಾನೆ, ಸದ್ದು ಮಾಡಿದರೆ ತಾನಿರುವ ಜಾಗ ತಾನೇ ಹೇಳಿದ ಹಾಗೆ. ಹಾಗಾಗಿ ಬಟ್ಟೆ ಸುತ್ತಿದ ಜಾಗಟೆಯ ಪೆಟ್ಟು ಖುಕ್ರಿಯ ಕಡೆಯಿಂದ ಮಾತ್ರ ಬಂತು. ಹ್ಯಾಂಗೋರ್ ಯಕ್ಷಗಾನದ ತೆರೆಯ ಹಿಂದೆ, ಕೆಂಪು ಜಿಲೆಟಿನ್ ಕಾಗದದ ಬೆಳಕಿನಲ್ಲಿ ಮೌನವಾಗಿ ಇತ್ತು. ಅದರೊಳಗಿನವರನ್ನು ಮೀಸೆ ತಿರುವುವ ಖಳರಾಗಿ ಮಾಡಲು ನಾನು ಒಪ್ಪಲಿಲ್ಲ. ಅವರೂ ಬೆವರುತ್ತ ಕೆಲಸ ಮಾಡುತ್ತಿದ್ದವರು.

ಅಭ್ಯಾಸದಲ್ಲಿ ಟಾರ್ಪೆಡೊದ ಪೆಟ್ಟು ಬಿದ್ದಾಗ ಹುಡುಗರು ಸಿನಿಮಾದಂತೆ ಬೊಬ್ಬೆ ಹಾಕಿದರು. ನೇವಿ ಮಾವ ಎದ್ದು ನಿಂತರು. “ಹಡಗಲ್ಲಿ ಹೀಗೆ ಬೊಬ್ಬೆ ಹೊಡಿಯುದಿಲ್ಲ ಮಾಷ್ಟ್ರೇ. ಬೊಬ್ಬೆ ಹೊಡೆದ್ರೆ ಮುಂದಿನ ಆರ್ಡರ್ ಕೇಳುದು ಹೇಗೆ?” ಆ ದೃಶ್ಯ ಅಲ್ಲಿಂದ ಬದಲಾಯಿತು. ಆಜ್ಞೆ ಬರುತ್ತದೆ, ಕೇಳಿದವನು ಅದನ್ನೇ ತಿರುಗಿ ಹೇಳುತ್ತಾನೆ, ಕೆಲಸ ಮಾಡುತ್ತಾನೆ. ದನಿ ಏರಿದ್ದಕ್ಕಿಂತ ಅದು ಹೆಚ್ಚು ಎದೆಗೆ ನಾಟಿತು.

ಆಜ್ಞೆ ಇಂಗ್ಲಿಷಿನಲ್ಲಿ, ಉಳಿದ ಮಾತು ಅವರವರ ಭಾಷೆಯಲ್ಲಿ. ಹಳೆಯ ಟಿವಿ ಹಡಗುಗಳಲ್ಲಿ ಎಲ್ಲರೂ ಒಂದೇ ತಿದ್ದಿದ ಭಾಷೆ ಆಡುತ್ತಾರೆ. ಕಾಸರಗೋಡಿನವರಿಗೆ ಆ ಕಷ್ಟ ಏಕೆ? ನಮ್ಮ ಮೆಸ್ಸಿನಲ್ಲಿ ಕನ್ನಡ, ತುಳು, ಮಲಯಾಳ, ಮರಾಠಿ, ಹಿಂದಿ ಎಲ್ಲ ಇದ್ದವು. ಯಾರಿಗೂ ಅನುವಾದ ಬೇಕಾಗಲಿಲ್ಲ. ನಿಜವಾದ ಹಡಗಿಗೆ ನಾವು ಅತ್ಯಂತ ಹತ್ತಿರ ಹೋದದ್ದು ಇದರಲ್ಲೇ ಎಂದು ನನ್ನ ನಂಬಿಕೆ.

ಮುಲ್ಲಾ ಅವರನ್ನು ರಂಗಕ್ಕೆ ತರಲಿಲ್ಲ. ಅವರು ತನ್ನ ಜೀವರಕ್ಷಕ ಅಂಗಿಯನ್ನು ಒಬ್ಬ ನಾವಿಕನಿಗೆ ಕೊಟ್ಟರು ಎಂಬುದು ಬದುಕಿ ಬಂದವರ ಮಾತು. ಕೊನೆಯ ಗಳಿಗೆಯಲ್ಲಿ ಅವರ ಬಾಯಿಗೆ ನಾನು ಸಂಭಾಷಣೆ ಬರೆಯುವುದು ಸಲ್ಲದು ಅನಿಸಿತು. ಬದುಕಿ ಬಂದ ನಾವಿಕನ ಪಾತ್ರ ಕುರ್ಚಿಯಲ್ಲಿ ಕೂತು ಅದನ್ನು ಸಾಕ್ಷಿಯಾಗಿ ಹೇಳಿತು, ಅಷ್ಟೆ.

ಈಗ ಕೈಯಲ್ಲಿರುವುದು ‘ಗಾಜಿ’. 1971ರ ಡಿಸೆಂಬರ್ 3–4ರ ನಡುರಾತ್ರಿ ವಿಶಾಖಪಟ್ಟಣದ ಎದುರು ಮುಳುಗಿದ ಈ ಪಾಕಿಸ್ತಾನಿ ಜಲಾಂತರ್ಗಾಮಿ ಮೊದಲು ಅಮೆರಿಕದ ‘ಡಯಾಬ್ಲೊ’ ಆಗಿತ್ತು, ‘ದಿ ಸೈಲೆಂಟ್ ಸರ್ವಿಸ್’ನಲ್ಲಿ ಕಾಣುವ ನೌಕೆಗಳ ಮನೆತನದ್ದೇ. ಒಳಾಂಗಣಕ್ಕೆ ಆ ಕಂತುಗಳೇ ನನಗೆ ನಕ್ಷೆ. ಆದರೆ ಖುಕ್ರಿಗೆ ಹಿಡಿದ ದಾರಿ ಇಲ್ಲಿ ಹಿಡಿಯಲಾಗದು. ಗಾಜಿಯಿಂದ ಒಬ್ಬರೂ ಬದುಕಿ ಬರಲಿಲ್ಲ, ಮುಳುಗಿದ ಕಾರಣದ ಬಗ್ಗೆ ಎರಡು ದೇಶಗಳಿಗೆ ಇಂದಿಗೂ ಒಮ್ಮತವಿಲ್ಲ. ಸಾಕ್ಷಿಯ ಕುರ್ಚಿಯಲ್ಲಿ ನೀರಿಗಿಳಿದ ಮುಳುಗುಗಾರರನ್ನು ಕೂರಿಸಿ, ಎರಡು ದೇಶಗಳ ವಾದವನ್ನೂ ಇಬ್ಬರು ಅರ್ಥಧಾರಿಗಳಿಗೆ ಕೊಡುವ ಯೋಚನೆಯಲ್ಲಿದ್ದೇನೆ. ಮಳೆಗಾಲ ಕಳೆದ ಮೇಲೆ ಓದು ಶುರುಮಾಡಬೇಕು.