ಅಮೆರಿಕಾದ ಕ್ರೆಡಿಟ್ ಕಾರ್ಡು: ಸಂತಿ ಚೀಟಿ ಮುಂದಿಟ್ಟುಕೊಂಡು ಆರಿಸಿರಿ

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯವರಿಗೆ ‘ಪತ್ತು’ ಹೊಸ ಮಾತಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ದೇಶದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಹಳ್ಳಿಯ ಸಂಘದಲ್ಲಿ ಸಾಲ ಕೇಳಲು ಬಂದವನು ಯಾರ ಮಗ, ಹೊಲ ಎಷ್ಟು, ಹೋದ ವರ್ಷದ ಬಾಕಿ ತೀರಿಸಿದ್ದಾನೋ ಇಲ್ಲವೋ, ಎಲ್ಲ ಗೊತ್ತಿರುತ್ತದೆ. ಅಮೆರಿಕಾಕ್ಕೆ ಬಂದಿಳಿದ ದಿನ ಮಾತ್ರ ನಿಮ್ಮ ಪತ್ತು ಸೊನ್ನೆ. ಊರಲ್ಲಿ ಸಿಬಿಲ್ ಅಂಕ 800 ಇದ್ದರೂ ಇಲ್ಲಿನ ಹೆಚ್ಚಿನ ಬ್ಯಾಂಕುಗಳು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಲ್ಲಿ ದಾಖಲೆ ಇಡುವವು ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಸಂಸ್ಥೆಗಳು. ಆ ದಾಖಲೆಯಿಂದ ಲೆಕ್ಕ ಹಾಕುವ ಫೈಕೋ ಅಂಕ 300ರಿಂದ 850ರವರೆಗೆ. ಅದರಲ್ಲಿ ಶೇ 35 ಪಾಲು ಹೊತ್ತಿಗೆ ಸರಿಯಾಗಿ ಕಟ್ಟಿದ್ದಕ್ಕೆ, ಶೇ 30 ಪಾಲು ಎಷ್ಟು ಬಾಕಿ ಇದೆ ಎಂಬುದಕ್ಕೆ. ಅಂಕ ಹುಟ್ಟುವುದಕ್ಕೇ ಸುಮಾರು ಆರು ತಿಂಗಳು ಬೇಕು. ಅಷ್ಟರೊಳಗೆ ಜಾಹೀರಾತಿನ ದೊಡ್ಡ ಕಾರ್ಡುಗಳಿಗೆಲ್ಲ ಅರ್ಜಿ ಹಾಕುತ್ತಾ ಹೋದರೆ ಬ್ಯಾಂಕು ನಿಮ್ಮ ದಾಖಲೆ ತರಿಸಿ ನೋಡಿದ ಒಂದೊಂದು ವಿಚಾರಣೆಯೂ ಎರಡು ವರ್ಷ ಅದರಲ್ಲಿ ಉಳಿಯುತ್ತದೆ, ಕಾರ್ಡು ಮಾತ್ರ ಸಿಗುವುದಿಲ್ಲ.

ಮೊದಲ ಕಾರ್ಡನ್ನು ಪಗಾರ ಜಮಾ ಆಗುವ ಬ್ಯಾಂಕಿನಲ್ಲೇ ಕೇಳಿರಿ. ಕೊಡದಿದ್ದರೆ ಠೇವಣಿ ಇಟ್ಟು ಪಡೆಯುವ ಸೆಕ್ಯೂರ್ಡ್ ಕಾರ್ಡು ಇದೆ: 200 ಡಾಲರ್ ಇಟ್ಟರೆ ಸಾಮಾನ್ಯವಾಗಿ 200 ಡಾಲರ್ ಮಿತಿ. ಕೆಲವು ತಿಂಗಳು ಸರಿಯಾಗಿ ಕಟ್ಟಿದ ಮೇಲೆ ಅನೇಕ ಬ್ಯಾಂಕುಗಳು ಅದನ್ನು ಸಾಮಾನ್ಯ ಕಾರ್ಡಾಗಿ ಬದಲಿಸಿ ಠೇವಣಿ ಹಿಂದಿರುಗಿಸುತ್ತವೆ. ಊರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡು ಇದ್ದವರು ಆ ಸಂಬಂಧದ ಮೇಲೆಯೇ ಅದೇ ಕಂಪನಿಯ ಇಲ್ಲಿನ ಕಾರ್ಡು ಕೇಳಬಹುದು. ಹೊಸಬರಿಗೆ ಇದು ದೊಡ್ಡ ಅನುಕೂಲ.

ಇನ್ನು ಲಾಭದ ಮಾತು, ಅಂದರೆ ಖರ್ಚು ಮಾಡಿದ್ದರಲ್ಲಿ ಒಂದು ಪಾಲು ಮರಳಿ ಬರುವ ಕ್ಯಾಶ್‌ಬ್ಯಾಕ್. ಕಾರ್ಡು ಆರಿಸುವ ಮೊದಲು ಎರಡು ತಿಂಗಳ ಖರ್ಚನ್ನು ಅಂಗಡಿವಾರು ಬರೆದಿಡಿರಿ. ವಸ್ತುವಾರು ಬೇಡ, ಅಂಗಡಿವಾರು. ಜನ ಹೆಚ್ಚು ಎಡವುವುದು ಇಲ್ಲೇ. ನೀವು ಕೊಂಡದ್ದು ಜೋಳದ ಹಿಟ್ಟೋ, ಬ್ಯಾಡಗಿ ಮೆಣಸಿನಕಾಯಿಯೋ, ಬ್ಯಾಂಕಿಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಅಂಗಡಿಯ ನಾಲ್ಕಂಕಿಯ ಕೋಡು ಮಾತ್ರ. 5411 ಎಂದರೆ ಕಿರಾಣಿ ಮತ್ತು ಸೂಪರ್ ಮಾರ್ಕೆಟ್, 5812 ಹೋಟೆಲು, 5541 ಪೆಟ್ರೋಲ್ ಬಂಕು. ಇಂಡಿಯನ್ ಸ್ಟೋರುಗಳು ಕೆಲವು 5411ರಲ್ಲಿರುತ್ತವೆ, ಕೆಲವು 5499ರಲ್ಲಿ, ಅಂದರೆ ‘ಇತರ ಆಹಾರದ ಅಂಗಡಿ’ಯಲ್ಲಿ. ಎರಡನೆಯದಾದರೆ ಕಿರಾಣಿಗೆಂದು ಕೊಡುವ ಹೆಚ್ಚಿನ ಕ್ಯಾಶ್‌ಬ್ಯಾಕ್ ಕೈತಪ್ಪಿ ಬರೀ ಶೇ 1 ಸಿಕ್ಕೀತು. ಕಂಡುಹಿಡಿಯುವುದು ಸುಲಭ: ಐದು ಡಾಲರಿನ ಕೊತ್ತಂಬರಿ, ಕರಿಬೇವು ಕೊಂಡು ಆ ಕಾರ್ಡಿನಲ್ಲೇ ಕೊಡಿರಿ, ಲೆಕ್ಕಕ್ಕೆ ಬಿದ್ದ ಮೇಲೆ ಆ್ಯಪಿನಲ್ಲಿ ಎಷ್ಟು ಕ್ಯಾಶ್‌ಬ್ಯಾಕ್ ಬಂತೆಂದು ನೋಡಿರಿ. ವಾಲ್‌ಮಾರ್ಟ್, ಟಾರ್ಗೆಟ್, ಕಾಸ್ಟ್ಕೋಗಳನ್ನು ಅಮೆರಿಕನ್ ಎಕ್ಸ್‌ಪ್ರೆಸ್ ಸೂಪರ್ ಮಾರ್ಕೆಟ್ ಎಂದು ಒಪ್ಪುವುದೇ ಇಲ್ಲ. ಕಾಸ್ಟ್ಕೋ ಅಂಗಡಿಯಲ್ಲಂತೂ ಕ್ರೆಡಿಟ್ ಕಾರ್ಡೆಂದರೆ ವೀಸಾ ಮಾತ್ರ.

ಒಂದು ಲೆಕ್ಕ ಬಿಡಿಸಿ ನೋಡೋಣ. ಅಮೆರಿಕನ್ ಎಕ್ಸ್‌ಪ್ರೆಸ್‌ನ ಬ್ಲೂ ಕ್ಯಾಶ್ ಪ್ರಿಫರ್ಡ್ ಕಾರ್ಡು ಸೂಪರ್ ಮಾರ್ಕೆಟ್ಟಿನಲ್ಲಿ ವರ್ಷಕ್ಕೆ 6000 ಡಾಲರ್‌ವರೆಗೆ ಶೇ 6 ಕೊಡುತ್ತದೆ, ವಾರ್ಷಿಕ ಶುಲ್ಕ 95 ಡಾಲರ್. ಅದರ ತಂಗಿ ಬ್ಲೂ ಕ್ಯಾಶ್ ಎವ್ರಿಡೇ ಅಷ್ಟೇ ಮಿತಿಗೆ ಶೇ 3 ಕೊಡುತ್ತದೆ, ಶುಲ್ಕವಿಲ್ಲ. ವಾರಕ್ಕೆ 100 ಡಾಲರಿನ ಸಂತಿಯೆಲ್ಲ ಸೂಪರ್ ಮಾರ್ಕೆಟ್ಟಿನಲ್ಲೇ ಆದರೆ ವರ್ಷಕ್ಕೆ 5200. ಶೇ 6ರಂತೆ 312 ಡಾಲರ್, ಶುಲ್ಕ ಕಳೆದರೆ 217. ಶೇ 3ರ ಕಾರ್ಡಿನಲ್ಲಿ 156. ಶುಲ್ಕದ ಕಾರ್ಡೇ ಮೇಲು. ಆದರೆ ನಮ್ಮ ಮನೆಗಳ ಅಕ್ಕಿ, ಬೇಳೆ, ಎಣ್ಣೆ ಕಾಸ್ಟ್ಕೋದಿಂದಲೂ ಇಂಡಿಯನ್ ಸ್ಟೋರಿನಿಂದಲೂ ಬರುತ್ತವೆ. ಸೂಪರ್ ಮಾರ್ಕೆಟ್ಟಿನ ಪಾಲು ವಾರಕ್ಕೆ 50 ಡಾಲರಿಗೆ ಇಳಿದರೆ ಶುಲ್ಕದ ಕಾರ್ಡಿನಲ್ಲಿ ಉಳಿಯುವುದು 61 ಡಾಲರ್, ಶುಲ್ಕವಿಲ್ಲದ್ದರಲ್ಲಿ 78. ಎರಡೂ ಸಮವಾಗುವುದು ವಾರಕ್ಕೆ ಸುಮಾರು 61 ಡಾಲರ್ ಖರ್ಚಿಗೆ. ದರಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ದಿನದ ಅಂಕಿ ಹಾಕಿ ಇದೇ ಲೆಕ್ಕ ಮಾಡಿರಿ.

ಹೆಚ್ಚಿನ ಮನೆಗಳಿಗೆ ಎರಡೇ ಕಾರ್ಡು ಸಾಕು ಎಂಬುದು ನಮ್ಮ ಅಭಿಪ್ರಾಯ: ಕಿರಾಣಿಗೆ ಒಂದು, ಉಳಿದದ್ದಕ್ಕೆಲ್ಲ ಶೇ 2 ಕೊಡುವ ಇನ್ನೊಂದು. ಸಿಟಿ ಡಬಲ್ ಕ್ಯಾಶ್ ಇಂಥದ್ದು, ಕೊಂಡಾಗ ಶೇ 1, ಬಿಲ್ಲು ಕಟ್ಟಿದಾಗ ಶೇ 1. ಡಿಸ್ಕವರ್ ಇಟ್‌ನಂಥ ಕಾರ್ಡುಗಳು ಮೂರು ತಿಂಗಳಿಗೊಮ್ಮೆ ವರ್ಗ ಬದಲಿಸಿ 1500 ಡಾಲರ್‌ವರೆಗೆ ಶೇ 5 ಕೊಡುತ್ತವೆ. ಪ್ರತಿ ಸಲ ಆ್ಯಪಿನಲ್ಲಿ ‘ಆ್ಯಕ್ಟಿವೇಟ್’ ಒತ್ತಲೇಬೇಕು. ಮರೆತರೆ ಶೇ 1 ಮಾತ್ರ.

ಆದರೆ ಈ ಲೆಕ್ಕವೆಲ್ಲ ನಿಂತಿರುವುದು ಪೂರ್ತಿ ಬಾಕಿ ಕಟ್ಟುವುದರ ಮೇಲೆ. 1000 ಡಾಲರ್ ಖರ್ಚಿಗೆ ಶೇ 2ರಂತೆ ಬರುವುದು 20 ಡಾಲರ್. ವರ್ಷಕ್ಕೆ ಶೇ 24 ಬಡ್ಡಿಯಾದರೆ ಅದೇ 1000 ಡಾಲರನ್ನು ಒಂದು ತಿಂಗಳು ಬಾಕಿ ಉಳಿಸಿದ್ದಕ್ಕೆ ಹೋಗುವುದೂ 20 ಡಾಲರೇ. ಊರಿನ ಕಿರಾಣಿ ಅಂಗಡಿಯ ಉದ್ರಿಯಲ್ಲಿ ಸ್ವಲ್ಪ ಕೊಟ್ಟು ಉಳಿದದ್ದು ಮುಂದಿನ ತಿಂಗಳು ಎಂದರೆ ನಡೆಯುತ್ತದೆ. ಇಲ್ಲಿ ಹಾಗೆ ಮಾಡಿದರೆ ಹಳೆ ಬಾಕಿಗಷ್ಟೇ ಅಲ್ಲ, ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಏರುತ್ತದೆ. ಖಾತೆಯಿಂದ ತಾನಾಗಿ ಬಿಲ್ಲು ಕಟ್ಟುವ ಆಟೋಪೇ ಹಾಕುವಾಗ ‘ಮಿನಿಮಮ್’ ಆರಿಸಬೇಡಿರಿ, ‘ಸ್ಟೇಟ್‌ಮೆಂಟ್ ಬ್ಯಾಲೆನ್ಸ್’, ಅಂದರೆ ತಿಂಗಳ ಬಿಲ್ಲಿನ ಪೂರ್ತಿ ಬಾಕಿ, ಆರಿಸಿರಿ. ಸ್ಟೇಟ್‌ಮೆಂಟ್ ಬಂದ ಮೇಲೆ ಕಟ್ಟಲು ಕನಿಷ್ಠ 21 ದಿನ ಇರುತ್ತದೆ. 30 ದಿನ ತಡವಾಯಿತೋ, ಆ ಕಲೆ ಏಳು ವರ್ಷ ದಾಖಲೆಯಿಂದ ಹೋಗುವುದಿಲ್ಲ.

ಪೂರ್ತಿ ಕಟ್ಟುವವರ ಅಂಕವೂ ಒಮ್ಮೊಮ್ಮೆ ಇಳಿಯುವುದುಂಟು. 1000 ಡಾಲರ್ ಮಿತಿಯಲ್ಲಿ 800 ಖರ್ಚಾಗಿ ಸ್ಟೇಟ್‌ಮೆಂಟ್ ಬಂದರೆ ಶೇ 80 ಬಳಕೆ ಎಂದು ದಾಖಲೆ ಇಡುವ ಸಂಸ್ಥೆಗಳಿಗೆ ವರದಿಯಾಗುತ್ತದೆ, ಮರುದಿನವೇ ಕಟ್ಟಿದರೂ ಸರಿ. ಸ್ಟೇಟ್‌ಮೆಂಟಿನ ಎರಡು ಮೂರು ದಿನ ಮೊದಲು 700 ಕಟ್ಟಿಬಿಟ್ಟರೆ ವರದಿಯಾಗುವುದು 100 ಮಾತ್ರ. ಮನೆ ಸಾಲಕ್ಕೋ ಕಾರಿನ ಸಾಲಕ್ಕೋ ಅರ್ಜಿ ಹಾಕುವ ಮುಂಚಿನ ತಿಂಗಳು ಇದನ್ನು ತಪ್ಪದೆ ಮಾಡಿರಿ.

ಮನೆ ಬಾಡಿಗೆಯನ್ನು ಕಾರ್ಡಿನಲ್ಲಿ ಕಟ್ಟಿದರೆ ಸಾಮಾನ್ಯವಾಗಿ ಶೇ 3ರ ಆಸುಪಾಸು ಶುಲ್ಕ ಹಿಡಿಯುತ್ತಾರೆ, ಶೇ 2 ಗಳಿಸಲು ಹೋಗಿ ಲುಕ್ಸಾನು. ತಾಯಿ ತಂದೆಗೆ ರೊಕ್ಕ ಕಳಿಸುವಾಗಲೂ ಕ್ರೆಡಿಟ್ ಕಾರ್ಡು ಬೇಡ. ಅನೇಕ ಬ್ಯಾಂಕುಗಳು ಅದನ್ನು ‘ಕ್ಯಾಶ್ ಅಡ್ವಾನ್ಸ್’ ಎಂದು ಹಿಡಿದು ಬೇರೆ ಶುಲ್ಕವನ್ನೂ ಅಂದಿನಿಂದಲೇ ಬಡ್ಡಿಯನ್ನೂ ಹಾಕುತ್ತವೆ. ಬ್ಯಾಂಕ್ ಖಾತೆಯಿಂದಲೇ ಕಳಿಸಿರಿ.

ಊರಿಗೆ ಹೋಗುವಾಗ ವಿದೇಶಿ ವ್ಯವಹಾರ ಶುಲ್ಕ ಇಲ್ಲದ ಒಂದು ವೀಸಾ ಅಥವಾ ಮಾಸ್ಟರ್‌ಕಾರ್ಡು ಜೊತೆಗಿರಲಿ; ಕ್ಯಾಪಿಟಲ್ ಒನ್ ಕಾರ್ಡುಗಳಿಗೆ ಈ ಶುಲ್ಕವಿಲ್ಲ. ಅನೇಕ ಕಾರ್ಡುಗಳು ಶೇ 3 ಹಿಡಿಯುತ್ತವೆ: ಹುಬ್ಬಳ್ಳಿಯಲ್ಲಿ ಮದುವೆ ಜವಳಿಗೆ 60,000 ರೂಪಾಯಿ ಕೊಟ್ಟರೆ 1,800 ರೂಪಾಯಿ ಸುಮ್ಮನೆ ಹೋಯಿತು. ಅಂಗಡಿಯ ಯಂತ್ರ ಡಾಲರೋ ರೂಪಾಯಿಯೋ ಎಂದು ಕೇಳಿದರೆ ರೂಪಾಯಿ ಒತ್ತಿರಿ, ಡಾಲರ್ ಒತ್ತಿದರೆ ವಿನಿಮಯ ದರ ತುಟ್ಟಿ ಬೀಳುತ್ತದೆ. ದುರ್ಗದ ಬೈಲಿನಲ್ಲಿ ಗಿರಮಿಟ್ಟು ತಿನ್ನಲು ಹೊರಟರೆ ಕಿಸೆಯಲ್ಲಿ ಚಿಲ್ಲರೆ ಇರಲಿ.