ಇಡೀ ಸ್ಕೂಲಿಗೆ ಒಂದೇ ಕಥೆ ಪುಸ್ತಕ: ನಾವು ಓದಿಸಿದ್ದು ಹೀಗೆ

ಒಂದನೇ ಕ್ಲಾಸಿಂದ ಐದನೇ ಕ್ಲಾಸ್‌ವರೆಗೆ ಎಲ್ಲಾ ಮಕ್ಕಳೂ ಒಂದೇ ಕಥೆ ಪುಸ್ತಕ ಮನೆಗೆ ತಗೊಂಡು ಹೋಗ್ತಾರೆ, ರಾತ್ರಿ ಮನೆಯವ್ರು ಒಂದು ಅಧ್ಯಾಯ ಜೋರಾಗಿ ಓದಿ ಹೇಳ್ತಾರೆ, ಬೆಳಿಗ್ಗೆ ಸ್ಕೂಲಲ್ಲಿ ಅದೇ ಮಾತು. ಇಷ್ಟೇ ಕಾರ್ಯಕ್ರಮ. ಇದೇನೂ ನಮ್ಮ ತಲೇಲಿ ಹುಟ್ಟಿದ್ದಲ್ಲ, 1998ರಲ್ಲೇ ಅಮೆರಿಕದ ಸಿಯಾಟಲ್‌ನಲ್ಲಿ ನ್ಯಾನ್ಸಿ ಪರ್ಲ್ ಅನ್ನೋ ಲೈಬ್ರರಿಯನ್ ಇಡೀ ಊರು ಒಂದೇ ಪುಸ್ತಕ ಓದಲಿ ಅಂತ ಶುರು ಮಾಡಿದ್ರು, ವರ್ಜೀನಿಯಾದ ರೀಡ್ ಟು ದೆಮ್ ಸಂಸ್ಥೆ ಇದೇ ತರದ್ದನ್ನ ಸ್ಕೂಲುಗಳಲ್ಲಿ ಮಾಡಿಸುತ್ತೆ. ನಮ್ಮ ಸ್ಕೂಲಲ್ಲಿ ಇದರ ಜವಾಬ್ದಾರಿ ನನ್ನ ತಲೆಗೆ ಬಿತ್ತು, ಮಾಡೋಕೆ ಹೊರಟವರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಪುಸ್ತಕ ಆರಿಸೋದೇ ಅರ್ಧ ಕೆಲಸ. ಕಣ್ಣಲ್ಲಿ ಓದಿ ಚೆನ್ನಾಗಿದೆ ಅನ್ಸಿದ ಪುಸ್ತಕ ಬಾಯಲ್ಲಿ ಓದುವಾಗ ನಾಲಿಗೆಗೆ ತೊಡರುತ್ತೆ, ಹಾಗಾಗಿ ನಾವು ಮೂರ್ನಾಲ್ಕು ಜನ ಸ್ಟಾಫ್ ರೂಮಲ್ಲಿ ಕೂತು ಒಬ್ಬೊಬ್ಬರೂ ಒಂದೊಂದು ಪುಸ್ತಕದ ಒಂದು ಅಧ್ಯಾಯ ಜೋರಾಗಿ ಓದಿದ್ವಿ, ಫೋನಲ್ಲಿ ಸ್ಟಾಪ್‌ವಾಚ್ ಇಟ್ಕೊಂಡು. ಇಪ್ಪತ್ತು ನಿಮಿಷ ದಾಟಿದ್ದನ್ನೆಲ್ಲ ಪಕ್ಕಕ್ಕಿಟ್ವಿ. ಕೆಲಸ ಮುಗಿಸಿ ಸುಸ್ತಾಗಿ ಬಂದಿರೋ ಅಪ್ಪ ಅಮ್ಮ ಅದಕ್ಕಿಂತ ಜಾಸ್ತಿ ಓದಲ್ಲ, ಅದು ತಪ್ಪೂ ಅಲ್ಲ. ಅಧ್ಯಾಯದ ಕೊನೇಲಿ "ಅಯ್ಯೋ ಮುಂದೇನಾಯ್ತು" ಅನ್ನೋ ಹಂಗೆ ನಿಲ್ಲಬೇಕು, ಅದೂ ನೋಡಿದ್ವಿ. ಒಂದನೇ ಕ್ಲಾಸಿನ ಮಗು ತಾನೇ ಓದೋಕಾಗುತ್ತಾ ಅಂತ ಮಾತ್ರ ನೋಡಬೇಡಿ. ಮಗು ತಾನಾಗಿ ಓದೋ ಮಟ್ಟಕ್ಕಿಂತ ಕೇಳಿ ಅರ್ಥ ಮಾಡ್ಕೊಳ್ಳೋ ಮಟ್ಟ ತುಂಬಾ ಮುಂದಿರುತ್ತೆ, ಈ ಕಾರ್ಯಕ್ರಮ ನಡೆಯೋದೇ ಅದರ ಮೇಲೆ.

ಪ್ರತಿ ಮಗುಗೂ ಒಂದು ಪ್ರತಿ ಬೇಕಿಲ್ಲ, ಮನೆಗೊಂದು ಸಾಕು. ಅಣ್ಣ ತಂಗಿ ಇಬ್ರೂ ಇದೇ ಸ್ಕೂಲಲ್ಲಿದ್ರೆ ದೊಡ್ಡವನ ಕೈಲಿ ಕೊಡಿ. ಇದರಲ್ಲಿ ಉಳಿದ ದುಡ್ಡಲ್ಲಿ ಆಫೀಸಿನವ್ರಿಗೆ, ಬಸ್ ಡ್ರೈವರ್‌ಗಳಿಗೆ, ಗೇಟಲ್ಲಿ ಕೂರೋರಿಗೆ ಒಂದೊಂದು ಪ್ರತಿ ತರಿಸಿದ್ವಿ. ಝೆರಾಕ್ಸ್ ಮಾಡಿ ಹಂಚೋಣ ಅಂತ ಯಾರಾದ್ರೂ ಹೇಳೇ ಹೇಳ್ತಾರೆ, ಪ್ರಕಾಶಕರ ಒಪ್ಪಿಗೆ ಇಲ್ದೆ ಅದು ಬೇಡ. ಅವರನ್ನೇ ನೇರವಾಗಿ ಕೇಳಿ, ಒಟ್ಟಿಗೆ ಇಷ್ಟು ಪ್ರತಿ ಬೇಕು ಅಂದ್ರೆ ಎಷ್ಟೋ ಸಲ ರಿಯಾಯ್ತಿ ಸಿಗುತ್ತೆ.

ಇಡೀ ಕಾರ್ಯಕ್ರಮದ ಜೀವ ಇರೋದು ಕ್ಯಾಲೆಂಡರ್‌ನಲ್ಲಿ. ಒಂದು ಚೀಟಿ, ಪುಸ್ತಕದ ರಟ್ಟಿನ ಒಳಗಡೆ ಅಂಟಿಸಿದ್ದು, ಯಾವ ರಾತ್ರಿ ಯಾವ ಅಧ್ಯಾಯ ಅಂತ. ಸೋಮವಾರದಿಂದ ಗುರುವಾರ ದಿನಕ್ಕೊಂದು, ಶುಕ್ರವಾರದಿಂದ ಭಾನುವಾರ ಖಾಲಿ, ಹಿಂದೆ ಬಿದ್ದವರು ಬಂದು ಸೇರ್ಕೊಳ್ಳಲಿ ಅಂತ. ಎಲ್ರೂ ಒಂದೇ ರಾತ್ರಿ ಒಂದೇ ಅಧ್ಯಾಯದಲ್ಲಿ ಇದ್ರೇನೇ ಬೆಳಿಗ್ಗೆ ಬಸ್ಸಲ್ಲಿ ಎರಡನೇ ಕ್ಲಾಸಿನ ಹುಡುಗಿಗೂ ಐದನೇ ಕ್ಲಾಸಿನ ಹುಡುಗನಿಗೂ ಮಾತಾಡೋಕೆ ಒಂದು ವಿಷಯ ಸಿಗೋದು, ಇಲ್ದಿದ್ರೆ ಅದು ಬರೀ ಪುಸ್ತಕ ಹಂಚಿದ ಹಾಗೆ ಅಷ್ಟೆ. ತಡೆಯೋಕಾಗ್ದೆ ಪೂರ್ತಿ ಓದಿ ಮುಗಿಸಿದವರನ್ನ ಬೈಬೇಡಿ, ಬಾಯಿ ಬಿಡಬಾರದು ಅಂತ ಆಣೆ ಹಾಕಿಸ್ಕೊಳ್ಳಿ, ಆ ಗುಟ್ಟು ಕಾಪಾಡೋದ್ರಲ್ಲೇ ಅವರಿಗೆ ಮಜಾ.

ಇನ್ನೊಂದು, ಕ್ಯಾಲೆಂಡರ್ ಹಾಕುವಾಗ ಪುಸ್ತಕದ ಅತೀ ದುಃಖದ ಅಧ್ಯಾಯ ಎಲ್ಲಿ ಬೀಳುತ್ತೆ ನೋಡ್ಕೊಳ್ಳಿ. ನಮ್ಮ ಪುಸ್ತಕದಲ್ಲಿ ಒಂದು ಮುದಿ ನಾಯಿ ಸಾಯುತ್ತೆ, ಅದನ್ನ ಬೇಕಂತ್ಲೇ ಮಂಗಳವಾರ ರಾತ್ರಿಗೆ ಇಟ್ಟಿದ್ವಿ, ಗುರುವಾರ ಬಂದ್ರೆ, ಹಿಂದೆ ಬಿದ್ದು ಶನಿವಾರ ಭಾನುವಾರ ಓದೋ ಮಕ್ಕಳು ಸೋಮವಾರದವರೆಗೂ ಒಬ್ಬರೇ ಹೊಟ್ಟೇಲಿಟ್ಕೊಂಡು ಕೂರ್ಬೇಕಲ್ಲ. ಬುಧವಾರ ಬೆಳಿಗ್ಗೆ ಮೊದಲನೇ ಪೀರಿಯಡ್ ಯಾವ ಕ್ಲಾಸಲ್ಲೂ ಪಾಠ ಇಲ್ಲ, ಮಾತು ಮಾತ್ರ. ಒಬ್ಬ ಹುಡುಗ ಎದ್ದು, "ಮಿಸ್, ನಮ್ಮಪ್ಪ ಓದ್ತಾ ಓದ್ತಾ ನಿಲ್ಸಿಬಿಟ್ರು, ಕನ್ನಡಕ ಒರೆಸ್ಕೊಂಡ್ರು, ಆಮೇಲೆ ನೀನೇ ಓದು ಅಂದ್ರು" ಅಂದ. ಕ್ಲಾಸಲ್ಲಿ ಯಾರೂ ನಗ್ಲಿಲ್ಲ, ಪಕ್ಕದವನು "ನಮ್ಮಮ್ಮನೂ" ಅಂದ.

ಬೆಳಿಗ್ಗೆ ಪ್ರಾರ್ಥನೆ ಆದ್ಮೇಲೆ ಮೈಕಲ್ಲಿ ಒಂದೇ ಒಂದು ಪ್ರಶ್ನೆ ಕೇಳ್ತಿದ್ವಿ. ನೆನ್ನೆ ಅಧ್ಯಾಯ ಕೇಳಿದವರಿಗೆ ಮಾತ್ರ ಗೊತ್ತಿರೋ ಸಣ್ಣ ವಿಷಯ, ಅಜ್ಜಿ ಬೀಗದ ಕೈ ಎಲ್ಲಿಟ್ಟಿದ್ಲು, ಅಂಥದ್ದು. ವರ್ಕ್‌ಶೀಟ್ ಕೊಡೋಣ, ಇಂಟರ್ನಲ್ಸ್‌ಗೆ ಸೇರಿಸೋಣ ಅಂತ ಸ್ಟಾಫ್ ಮೀಟಿಂಗಲ್ಲಿ ಬಂತು, ನಾನು ಒಪ್ಲಿಲ್ಲ, ಈಗ್ಲೂ ಒಪ್ಪಲ್ಲ. ಮಾರ್ಕ್ಸ್ ಅಂದ ತಕ್ಷಣ ಮನೇಲಿ ಕಥೆ ಓದೋದು ಹೋಗಿ ಹೋಮ್‌ವರ್ಕ್ ಮಾಡಿಸೋದಾಗುತ್ತೆ.

"ನಮ್ಮವನು ತಾನೇ ಓದ್ತಾನೆ, ನಾವ್ಯಾಕೆ ಓದಿ ಹೇಳ್ಬೇಕು" ಅಂತ ದೊಡ್ಡ ಮಕ್ಕಳ ಪೋಷಕರು ಕೇಳ್ತಾರೆ. 1985ರಲ್ಲಿ ಅಮೆರಿಕದ ಓದಿನ ಆಯೋಗದ ವರದಿ ಮಕ್ಕಳು ಮುಂದೆ ಚೆನ್ನಾಗಿ ಓದೋಕೆ ಬೇಕಾದ ತಿಳುವಳಿಕೆ ಬೆಳೆಸೋಕೆ ಅವರಿಗೆ ಜೋರಾಗಿ ಓದಿ ಹೇಳೋದೇ ಎಲ್ಲಕ್ಕಿಂತ ಮುಖ್ಯ, ಅದು ಮೇಲಿನ ಕ್ಲಾಸುಗಳಲ್ಲೂ ಮುಂದುವರೀಬೇಕು ಅಂತ ಹೇಳಿತ್ತು, ಅದನ್ನೇ ಮೀಟಿಂಗಲ್ಲಿ ಹೇಳಿದೆ. ಐದನೇ ಕ್ಲಾಸಿನವ್ರು "ಚಿಕ್ಕ ಮಕ್ಕಳ ಪುಸ್ತಕ" ಅಂತ ಮೂಗು ಮುರೀತಿದ್ರು, ಅವರನ್ನೇ ಒಂದನೇ ಕ್ಲಾಸಿಗೆ ಹೋಗಿ ಮೊದಲ ಅಧ್ಯಾಯ ಓದಿ ಹೇಳಿ ಅಂತ ಕಳಿಸಿದ್ವಿ, ಅಲ್ಲಿಗೆ ಆ ಮಾತು ನಿಂತೋಯ್ತು.

ಮನೇಲಿ ಓದು ಬರದೇ ಇರೋರು ಇರ್ತಾರೆ, ಅದನ್ನ ಮೊದಲೇ ಯೋಚನೆ ಮಾಡಿ. ನಾವು ಪ್ರಕಾಶಕರ ಒಪ್ಪಿಗೆ ತಗೊಂಡು ಟೀಚರ್‌ಗಳ ಧ್ವನೀಲಿ ಅಧ್ಯಾಯಗಳನ್ನ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಹಾಕಿದ್ವಿ. ಕೆಲವು ಮನೇಲಿ ಉಲ್ಟಾ, ಮಗು ಓದೋದು ದೊಡ್ಡವರು ಕೇಳೋದು. ಅದೂ ಸರಿನೇ, ಮಧ್ಯೆ ಮಧ್ಯೆ "ಮುಂದೇನಾಗ್ಬಹುದು ಅನ್ಸುತ್ತೆ, ಯಾಕೆ" ಅಂತ ಕೇಳಿ ಅಂತ ಹೇಳಿದ್ವಿ, ಹೌದು-ಇಲ್ಲ ಅಂತ ಉತ್ತರ ಬರೋ ಪ್ರಶ್ನೆ ಬೇಡ.

ಎಲ್ಲಾ ಸೇರಿ ಮೂರ್ನಾಲ್ಕು ವಾರದಲ್ಲಿ ಮುಗಿಸಿಬಿಡಿ, ಎಳೆದ್ರೆ ಬೇಜಾರಾಗುತ್ತೆ. ಪರೀಕ್ಷೆ ತಿಂಗಳಂತೂ ಬೇಡವೇ ಬೇಡ. ಪುಸ್ತಕ ವಾಪಸ್ ಕೇಳಬೇಡಿ, ಮನೇಲೇ ಇರ್ಲಿ.